ಸಣ್ಣ ಊರಿನ ಎಫ್‌ಎಂ: ಬರೀ ಹಾಡು ಹಾಕಿ ಅಂಗಡಿ ನಡೆಯುತ್ತಾ?

ಡೊಂಬಿವಲಿ ಈಸ್ಟ್

ಎಲ್ಲರಿಗೂ ನಮಸ್ಕಾರ. ರೇಡಿಯೋ ಲೈನಿನಲ್ಲಿ ಇದ್ದವರು, ಇರುವವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಖಾಸಗಿ ಎಫ್‌ಎಂ ಚಾನೆಲ್ ಹರಾಜು ಹಾಕಲು ಒಪ್ಪಿಗೆ ಕೊಟ್ಟಿತಲ್ಲ, ಆ ಪಟ್ಟಿಯಲ್ಲಿ ನಮ್ಮ ಬಾಗಲಕೋಟೆ ಇದೆ. ಬೆಳಗಾವಿ, ವಿಜಯಪುರವೂ ಇವೆ. ಅವತ್ತಿನಿಂದ ಅಕ್ಕನ ಮಗನ ತಲೆಯಲ್ಲಿ ಅದೇ. ಲೋವರ್ ಪರೇಲ್‌ನಲ್ಲಿ ಒಂದು ಜಾಹೀರಾತು ಏಜೆನ್ಸಿಯಲ್ಲಿ ಚೆನ್ನಾಗಿಯೇ ಇದ್ದಾನೆ. ಗೆಳೆಯರ ಜೊತೆ ಸೇರಿ ಊರಲ್ಲಿ ಹಾಡಿನ ಎಫ್‌ಎಂ ಶುರು ಮಾಡುತ್ತೇನೆ, ಆಗದಿದ್ದರೆ ಶುರು ಮಾಡಿದವರ ಹತ್ತಿರ ಕೆಲಸಕ್ಕೆ ಸೇರುತ್ತೇನೆ ಅನ್ನುತ್ತಾನೆ. ಭಾವನಿಗೆ ನಿದ್ದೆ ಇಲ್ಲ. "ನೀ ಮುಂಬೈದಾಗ ಇದ್ದೀಯಪಾ, ನೀನೇ ಬುದ್ಧಿ ಹೇಳು" ಅಂತ ನನಗೆ ಫೋನ್.

ನನಗೆ ರೇಡಿಯೋ ಅಂದರೆ ಟ್ಯಾಕ್ಸಿಯಲ್ಲಿ ಕಿವಿಗೆ ಬಿದ್ದದ್ದಷ್ಟೇ. ಬುದ್ಧಿ ಎಲ್ಲಿಂದ ಹೇಳಲಿ?

ಅಂಧೇರಿ ಲಾಸ್ಟ್ ಲೋಕಲ್

ಅಣ್ಣಾ, ಯಾರು ಕೇಳುತ್ತಾರೆ ಈಗ? ನನ್ನ ಫೋನಿನಲ್ಲಿ ಬೇಕಾದ ಹಾಡು ಬೇಕಾದಾಗ ಬರುತ್ತದೆ. ಊರಲ್ಲಿ ನನ್ನ ತಮ್ಮನಿಗೂ ಅಷ್ಟೇ, ಅವನ ಡೇಟಾ ಪ್ಯಾಕ್ ನನ್ನದಕ್ಕಿಂತ ದೊಡ್ಡದು. ಹುಡುಗನಿಗೆ ಲೋವರ್ ಪರೇಲ್ ಬಿಡಬೇಡ ಅಂತ ಹೇಳಿಬಿಡಿ.

ಕೊತ್ರೂಡ್ ಕಟ್ಟೆ

ನಾನು ಪಶ್ಚಿಮ ಮಹಾರಾಷ್ಟ್ರದ ಒಂದು ಸಣ್ಣ ಊರಿನ ಎಫ್‌ಎಂನಲ್ಲಿ ಕೆಲವು ವರ್ಷ ಸೇಲ್ಸ್‌ನಲ್ಲಿದ್ದೆ. ಸ್ಟೇಷನ್ ಹೆಸರು ಬೇಡ. ಈಗ ಪುಣೆಯಲ್ಲಿ ಬೇರೆ ಕೆಲಸ.

ಅಂಧೇರಿಯವರು ಹೇಳಿದ್ದು ಹಾಡಿನ ಮಟ್ಟಿಗೆ ಸರಿ. ಆದರೆ ನಾವು ಹಾಡು ಮಾರುತ್ತಿರಲಿಲ್ಲ ಕಣ್ರೀ. ಮಾರುತ್ತಿದ್ದದ್ದು 10 ಸೆಕೆಂಡು. ರೇಡಿಯೋ ರೇಟ್ ಎಲ್ಲ 10 ಸೆಕೆಂಡಿನ ಲೆಕ್ಕ. ಸರ್ಕಾರಿ ಜಾಹೀರಾತಿನ ಮೂಲ ದರವೂ ಹಾಗೇ: 2023ರ ಅಕ್ಟೋಬರ್‌ನಲ್ಲಿ ಅದನ್ನು 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿಸಿದರು. ಸುಮ್ನೆ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. 20 ಸೆಕೆಂಡಿನ ಸ್ಪಾಟ್, ಅಂದರೆ ಒಂದು ಜಾಹೀರಾತು, ದಿನಕ್ಕೆ 6 ಸಲ, 30 ದಿನ: 26,640 ರೂಪಾಯಿ. ಬಾಗಲಕೋಟೆಯ ಒಂದು ಜವಳಿ ಅಂಗಡಿಗೆ ಹಬ್ಬದ ತಿಂಗಳಲ್ಲಿ ಇದು ಕೊಡಬಹುದಾದ ದುಡ್ಡು. ಎಲ್ಲ ತಿಂಗಳೂ ಅಲ್ಲ, ಅಲ್ಲೇ ಇರುವುದು ಕಷ್ಟ.

ಹೇಗೆ ಮಾರುತ್ತಿದ್ದೆವು ಅಂತ ಒಂದು ಹೇಳುತ್ತೇನೆ. ಒಬ್ಬ ಸೀರೆ ಅಂಗಡಿ ಮಾಲೀಕರು 20 ಸೆಕೆಂಡಿಗೆ ಒಪ್ಪಿದರು. ಅದರೊಳಗೆ ಅವರಿಗೆ ಬೇಕಾದದ್ದು ಇಷ್ಟು: ಅಂಗಡಿ ಹೆಸರು, ಎಸ್‌ಟಿ ಸ್ಟ್ಯಾಂಡ್ ಎದುರು, ಮಾರುತಿ ಗುಡಿ ಪಕ್ಕ, ಮಹಡಿ ಮೇಲೆ ಮದುವೆ ಜವಳಿ, ಅದೇ ಹೆಸರಿನ ಇನ್ನೊಂದು ಅಂಗಡಿಗೂ ನಮಗೂ ಸಂಬಂಧ ಇಲ್ಲ, ಆಮೇಲೆ ಫೋನ್ ನಂಬರ್ ಎರಡು ಸಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ಅವರೆದುರೇ ಓದಿದೆ. 34 ಸೆಕೆಂಡ್ ಬಂತು. "ಸ್ವಲ್ಪ ಬೇಗ ಬೇಗ ಓದಿಸಿ, ಹಿಡಿಸುತ್ತದೆ" ಅಂದರು. ಎರಡು ಚಹಾ ಆದ ಮೇಲೆ ಫೋನ್ ನಂಬರ್ ತೆಗೆಯಲು ಒಪ್ಪಿದರು. ಮಾರುತಿ ಗುಡಿ ಮಾತ್ರ ಬಿಡಲಿಲ್ಲ. ಅವರದ್ದೇ ಸರಿ ಇತ್ತು. ಆ ಊರಲ್ಲಿ ಜನ ಅಂಗಡಿ ಹುಡುಕುತ್ತಿದ್ದದ್ದೇ ಗುಡಿಯನ್ನು ಗುರುತಿಟ್ಟುಕೊಂಡು.

ಇನ್ನೊಂದು ಗೊತ್ತಿರಲಿ. ಮುಂಬೈ, ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ 2007ರಿಂದ ರ‍್ಯಾಮ್ ಅಂತ ಕೇಳುಗರ ಲೆಕ್ಕ ಶುರುವಾಯಿತು. ಮನೆಗಳಿಗೆ ಡೈರಿ ಕೊಟ್ಟು ಏನು ಕೇಳಿದಿರಿ ಅಂತ ಬರೆಸುತ್ತಿದ್ದರು. ಸಣ್ಣ ಊರಿಗೆ ಅಂಥದ್ದೇನೂ ಬರಲಿಲ್ಲ. ಅಂಗಡಿಯವನಿಗೆ ಪುರಾವೆ ಅಂದರೆ ಗಲ್ಲಾ ಮುಂದೆ ನಿಂತ ಗಿರಾಕಿ "ರೇಡಿಯೋದಲ್ಲಿ ಕೇಳಿದೆ" ಅನ್ನಬೇಕು. ಅಂದರೆ ಮುಂದಿನ ತಿಂಗಳ ಆರ್ಡರ್ ಬಂತು. ಅನ್ನದಿದ್ದರೆ ನನ್ನ ಫೋನ್ ಎತ್ತುವುದಿಲ್ಲ.

ಮಾಟುಂಗಾ ಮಾವ

ಜಾಹೀರಾತಿನ ರೇಡಿಯೋ ಬಗ್ಗೆ ಮಾತಾಡುವಾಗ ನಮ್ಮ ಊರುಗಳನ್ನೇ ಮರೆತರೆ ಹೇಗೆ? ಆಕಾಶವಾಣಿಯಲ್ಲಿ ಜಾಹೀರಾತು ಮೊದಲು ಬಂದದ್ದೇ ಇಲ್ಲಿ. 1967ರ ನವೆಂಬರ್ 1, ವಿವಿಧ ಭಾರತಿಯಲ್ಲಿ, ಮುಂಬೈ, ಪುಣೆ, ನಾಗಪುರ. ಅದಕ್ಕೂ ಹಿಂದಿನ ಕಥೆ ಇನ್ನೂ ಮಜಾ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡನ್ನೇ ಹೊರಗೆ ಹಾಕಿದರು. ಜನ ಸುಮ್ಮನಿದ್ದಾರೆಯೇ? ರೇಡಿಯೋ ಸಿಲೋನ್‌ಗೆ ತಿರುಗಿಸಿಕೊಂಡರು. ಹಲ್ಲುಪುಡಿ, ಸಾಬೂನಿನ ಕಂಪನಿಗಳ ದುಡ್ಡೂ ಅಲ್ಲಿಗೇ ಹೋಯಿತು. ಅಮೀನ್ ಸಯಾನಿ ಹಾಡಿನ ಪಟ್ಟಿ ಓದುತ್ತಿದ್ದದ್ದು ಅಲ್ಲಿಂದಲೇ. ಕೊನೆಗೆ 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರು ಮಾಡಬೇಕಾಯಿತು. ಬಿಟ್ಟಿದ್ದ ಹಾಡು ವಾಪಸ್ ಬಂತು, ಹತ್ತು ವರ್ಷಕ್ಕೆ ಅದರ ಹಿಂದೆ ಜಾಹೀರಾತೂ ಬಂತು.

ಹಾಡಿಗೂ ಅಂಗಡಿಗೂ ನಂಟು ಹೊಸದಲ್ಲ ಅಂತ ಹೇಳುವುದಕ್ಕೆ ಇಷ್ಟು ಬರೆದೆ. ಕನ್ನಡದ ಮಾತು ಬೇರೆ. ಆಗ ನಮಗೆ ಕನ್ನಡ ಹಾಡು ಬೇಕಿದ್ದರೆ ರಾತ್ರಿ ಆಗಬೇಕಿತ್ತು. ಊಟ ಮುಗಿಸಿ ಧಾರವಾಡ ಹುಡುಕುತ್ತಿದ್ದೆವು, 765 ಕಿಲೋಹರ್ಟ್ಸ್. ನಡುವೆ ಗುಜರಾತಿ ನುಗ್ಗುತ್ತಿತ್ತು, ಮಳೆಗಾಲದಲ್ಲಿ ಬರೀ ಕರಕರ. ಹಗಲು ಏನು ಮಾಡಿದರೂ ಸಿಗುತ್ತಿರಲಿಲ್ಲ. ಅದು ಯಾಕೆ ಅಂತ ಇವತ್ತಿಗೂ ಯಾರೂ ನನಗೆ ಸರಿಯಾಗಿ ಹೇಳಿಲ್ಲ.

ವಾಸ್ಕೋ ವೈರ್‌ಮ್ಯಾನ್

ನಾನು ಹೇಳುತ್ತೇನೆ ಮಾವ. ಟ್ರಾನ್ಸ್‌ಮಿಟರ್ ಕೆಲಸ ಮಾಡಿದವನು.

ಆಕಾಶದಲ್ಲಿ ಮೇಲೆ ಅಯಾನುಗೋಳ ಅಂತ ಪದರಗಳಿವೆ. ಹಗಲು ಬಿಸಿಲಿಗೆ ಕೆಳಗಡೆ ಒಂದು ಪದರ ಎದ್ದು ಕೂತು ಮೀಡಿಯಂ ವೇವನ್ನು, ಅಂದರೆ ನಿಮ್ಮ ಧಾರವಾಡ ಬರುತ್ತಿದ್ದ ಅಲೆಯನ್ನು, ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಇಲ್ಲವಾಗುತ್ತದೆ. ಆಗ ಅಲೆ ಇನ್ನೂ ಮೇಲೆ ಹೋಗಿ, ಅಲ್ಲಿ ತಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಧಾರವಾಡ ಮಾಟುಂಗಾಕ್ಕೆ ಬರುತ್ತಿದ್ದದ್ದು ಹಾಗೆ. ಗುಜರಾತಿಯವರೂ ಅದೇ ದಾರಿಯಲ್ಲಿ ಬರುತ್ತಿದ್ದರು.

ಎಫ್‌ಎಂಗೆ ಈ ಜಾದೂ ಇಲ್ಲ. ಟವರ್ ಕಣ್ಣಿಗೆ ಕಾಣುವಷ್ಟು ದೂರ, ಇನ್ನು ಸ್ವಲ್ಪ ಆಚೆ, ಮುಗಿಯಿತು. ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ಗೋವಾದ ದಕ್ಷಿಣ ತುದಿ ಕಾಣಕೋಣಕ್ಕೆ ಹೋದರೆ ಕಾರವಾರದ ಆಕಾಶವಾಣಿ ಚೆನ್ನಾಗಿ ಸಿಗುತ್ತದೆ. ಒಂದು ಘಟ್ಟದ ತಿರುವು ದಾಟಿದರೆ ಮಾಯ.

ಬಾಗಲಕೋಟೆಗೆ ಬರೋಣ. 2011ರ ಜನಗಣತಿಯಲ್ಲಿ ಊರಿನ ಜನ 1.1 ಲಕ್ಷ ಚಿಲ್ಲರೆ. ಎಫ್‌ಎಂ ಲೈಸೆನ್ಸಿನ ಲೆಕ್ಕದಲ್ಲಿ 1ರಿಂದ 3 ಲಕ್ಷ ಜನರ ಊರುಗಳು ಡಿ ವರ್ಗ. ಅಲ್ಲಿ ಬಿಡುವ ಶಕ್ತಿ 1ರಿಂದ 3 ಕಿಲೋವಾಟ್, ಅದೂ ಆಂಟೆನಾ ಸಿಗ್ನಲ್ ಹೆಚ್ಚಿಸುವ ಲೆಕ್ಕ ಸೇರಿಸಿ. ಹಳೇ ಊರು, ನವನಗರ, ಸುತ್ತಲಿನ ಹಳ್ಳಿಗಳಿಗೆ ಇಷ್ಟು ಸಾಕು. ಬಾದಾಮಿ ಕಡೆ ಮರಳುಗಲ್ಲಿನ ಗುಡ್ಡ ಇವೆ, ಅಲ್ಲಿ ನಂಬಬೇಡಿ. ಇಳಕಲ್ಲಿನ ಸೀರೆ ಅಂಗಡಿಯವರಿಗೆ "ನಿಮ್ಮೂರಲ್ಲೂ ಕೇಳುತ್ತದೆ" ಅಂತ ಹೇಳಿ ಸ್ಪಾಟ್ ಮಾರಿದರೆ ಒಂದೇ ತಿಂಗಳು ಮಾರಬಹುದು.

ಡೊಂಬಿವಲಿ ಈಸ್ಟ್

ಎಲ್ಲರಿಗೂ ಥ್ಯಾಂಕ್ಸ್. ಲೈಸೆನ್ಸ್‌ಗೆ ಎಷ್ಟು ಬೇಕು? ಗೆಳೆಯರು ತಲಾ 5 ಲಕ್ಷ ಹಾಕುತ್ತಾರಂತೆ.

ಕೊತ್ರೂಡ್ ಕಟ್ಟೆ

ಆ ಮಾತು ಅಲ್ಲಿಗೇ ನಿಲ್ಲಿಸಿ. ಸಂಪುಟ ಒಪ್ಪಿದ 730 ಚಾನೆಲ್‌ಗಳ ಒಟ್ಟು ಮೀಸಲು ಬೆಲೆ 784.87 ಕೋಟಿ. ಸರಾಸರಿ ಒಂದಕ್ಕೆ ಒಂದು ಕೋಟಿಗೂ ಜಾಸ್ತಿ. ಸಣ್ಣ ಊರಿಗೆ ಇದಕ್ಕಿಂತ ಕಡಿಮೆ ಇರಬಹುದು, ಆದರೆ ಹರಾಜು ಏರುವುದು ಅಲ್ಲಿಂದ ಮೇಲಕ್ಕೆ. ಹರಾಜಿಗೆ ಕೂರುವ ಕಂಪನಿಗೆ ಸಿ, ಡಿ ವರ್ಗದ ಊರಲ್ಲೂ 1 ಕೋಟಿ ನಿವ್ವಳ ಆಸ್ತಿ ಇರಬೇಕು. 2022ರಲ್ಲಿ ಒಂದೂವರೆ ಕೋಟಿಯಿಂದ ಇಳಿಸಿದ ಮೇಲೂ ಇಷ್ಟು. ಆಮೇಲೆ ಪ್ರತಿ ವರ್ಷ ಜಿಎಸ್‌ಟಿ ಬಿಟ್ಟು ಒಟ್ಟು ಆದಾಯದ 4% ಶುಲ್ಕ. ಲಾಭದಲ್ಲಿ ಅಲ್ಲ, ಆದಾಯದಲ್ಲಿ. ನಷ್ಟವಾದರೂ ಕಟ್ಟಬೇಕು.

ಆದರೂ ಮೊದಲಿನದಕ್ಕಿಂತ ಇದು ವಾಸಿ. ಖಾಸಗಿ ಎಫ್‌ಎಂನ ಮೊದಲ ಹಂತದ ಹರಾಜಿನಲ್ಲಿ 40 ಊರುಗಳ 108 ಫ್ರೀಕ್ವೆನ್ಸಿ ಇಟ್ಟಿದ್ದರು. ಪೈಪೋಟಿಗೆ ಬಿದ್ದು ಕೂಗಿದರು. ಶುಲ್ಕ ವರ್ಷಕ್ಕೆ 15% ಏರುವ ಷರತ್ತು ಬೇರೆ. ಕೊನೆಗೆ ಗಾಳಿಗೆ ಬಂದದ್ದು 20ರ ಆಸುಪಾಸು ಸ್ಟೇಷನ್. ಆದಾಯದ ಪಾಲು ಅನ್ನುವ ಪದ್ಧತಿ 2005ರ ಎರಡನೇ ಹಂತದಲ್ಲಿ ಬಂದ ಮೇಲೆಯೇ ಸಣ್ಣ ಊರಿನವರು ಉಸಿರಾಡಿದ್ದು.

ಹುಡುಗ ಬೇಕಿದ್ದರೆ ಕೆಲಸಕ್ಕೆ ಸೇರಲಿ. ದುಡ್ಡು ಹಾಕುವುದು ಬೇಡ.

ಮಡಗಾಂವ್ ಮೀಲ್ಸ್

ಜಾಹೀರಾತು ಕೊಡುವವನ ಮಾತೂ ಕೇಳಿ. ಮಡಗಾಂವ್‌ನಲ್ಲಿ ನನ್ನದು ಸಸ್ಯಾಹಾರಿ ಹೋಟೆಲು. ಗೋವಾದ ಒಂದು ಎಫ್‌ಎಂನವರು ಬಂದಿದ್ದರು. ಪಣಜಿ, ಮಾಪುಸಾ, ವಾಸ್ಕೋ ಎಲ್ಲ ಕಡೆ ಕೇಳುತ್ತದೆ ಅಂದರು. ನಾನು ಕೇಳಿದೆ, ಮಾಪುಸಾದವನು ಮಸಾಲೆ ದೋಸೆಗೆ ಮಡಗಾಂವ್‌ಗೆ ಬರುತ್ತಾನಾ? ನನ್ನ ಗಿರಾಕಿ ಎಲ್ಲ ಸ್ಟೇಷನ್, ಮಾರ್ಕೆಟ್ ಸುತ್ತಮುತ್ತಲಿನವರು. ಇಡೀ ಗೋವಾಕ್ಕೆ ಕೂಗಿ ಹೇಳುವುದಕ್ಕೆ ದುಡ್ಡು ಕೊಟ್ಟು, ಬರುವುದು ಎರಡು ಗಲ್ಲಿಯ ಜನ.

ಬಾಗಲಕೋಟೆಯಲ್ಲಿ ಆ ತೊಂದರೆ ಇಲ್ಲ. ಕೇಳುವವರೆಲ್ಲ ನಡೆದೋ ಬೈಕಿನಲ್ಲೋ ಬಂದು ಮುಟ್ಟುವ ದೂರದಲ್ಲೇ ಇರುತ್ತಾರೆ. ಸಣ್ಣ ಊರಿನ ರೇಡಿಯೋಗೆ ಇರುವ ದೊಡ್ಡ ಲಾಭ ಇದೇ ಅಂತ ನನಗನಿಸುತ್ತದೆ. ಹುಡುಗನಿಗೆ ಇದನ್ನು ಹೇಳಿ.

ಇನ್ನೊಂದನ್ನು ನಗುತ್ತಲೇ ಹೇಳುತ್ತೇನೆ. ನಾನು ಕೊನೆಗೆ ಒಂದು ಸ್ಪಾಟ್ ಹಾಕಿಸಿದೆ, ಬಾರ್ಟರ್‌ನಲ್ಲಿ. ದುಡ್ಡಿನ ಬದಲು ಊಟದ ಕೂಪನ್. ಸ್ಟೇಷನ್‌ನ ಹುಡುಗರು ತಿಂಗಳಿಡೀ ಬಂದು ಸ್ಪೆಷಲ್ ಥಾಲಿ ತಿಂದರು. ರೇಡಿಯೋ ಕೇಳಿ ಬಂದ ಹೊಸ ಗಿರಾಕಿಗಳು ಅವರೇ!

ಕೊತ್ರೂಡ್ ಕಟ್ಟೆ

ನಮ್ಮಲ್ಲೂ ಬಾರ್ಟರ್ ಇತ್ತು. ಒಮ್ಮೆ ಸಂಬಳ ತಡವಾದಾಗ ನನ್ನ ಕೈಗೆ ಬಂದದ್ದು ಒಂದು ಮಿಕ್ಸರ್ ಮತ್ತು ಎರಡು ಸೂಟ್‌ಕೇಸ್.

ಅಂಧೇರಿ ಲಾಸ್ಟ್ ಲೋಕಲ್

ಎಲ್ಲ ಸರಿ. ಆದರೆ ಖಾಸಗಿ ಎಫ್‌ಎಂ ಸುದ್ದಿ ಹೇಳುವ ಹಾಗಿಲ್ಲ, ಅಲ್ವಾ? ಸುದ್ದಿ ಇಲ್ಲ, ಹಾಡು ಫೋನಿನಲ್ಲೇ ಇದೆ. ಮತ್ತೆ ರೇಡಿಯೋ ಹಚ್ಚುವುದು ಯಾಕೆ? ಸಮುದಾಯ ರೇಡಿಯೋ ಆದರೆ ಒಂದು ಅರ್ಥ ಇದೆ. ಪುಣೆ ವಿಶ್ವವಿದ್ಯಾಲಯದ ವಿದ್ಯಾವಾಣಿ 107.4ರಲ್ಲಿ ಇದೆ, ಮಂಗಳೂರಿನಲ್ಲಿ ಅಲೋಶಿಯಸ್ ಕಾಲೇಜಿನ ಸಾರಂಗ್ ಇದೆ. ಹರಾಜು ಬೇಕಿಲ್ಲ, ಕೋಟಿ ಬೇಕಿಲ್ಲ.

ಕೊತ್ರೂಡ್ ಕಟ್ಟೆ

ಸಮುದಾಯ ರೇಡಿಯೋ ಬಗ್ಗೆ ಗೌರವ ಇದೆ. ಆದರೆ ಅದನ್ನು ನಡೆಸಬೇಕಾದದ್ದು ಕಾಲೇಜು, ಸಂಸ್ಥೆ, ಲಾಭ ಹಂಚಿಕೊಳ್ಳದವರು. ಶಕ್ತಿ 100 ವಾಟ್ ಅಷ್ಟೇ. ಹುಡುಗನಿಗೆ ಮನೆ ನಡೆಯಬೇಕು.

ಸುದ್ದಿಯ ಮಾತು: ತಮ್ಮದೇ ಸುದ್ದಿ ಮಾಡುವ ಹಾಗಿಲ್ಲ, ನಿಜ. ಆಕಾಶವಾಣಿಯ ಬುಲೆಟಿನ್ ಇದ್ದದ್ದು ಇದ್ದ ಹಾಗೆ ಹಾಕಬಹುದು. ಆದರೆ ಟ್ರಾಫಿಕ್, ಹವಾಮಾನ, ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಕರೆಂಟ್ ಯಾವ ಏರಿಯಾದಲ್ಲಿ ಹೋಗುತ್ತದೆ, ಪರೀಕ್ಷೆ ಫಲಿತಾಂಶ, ಕಾಲೇಜು ಅಡ್ಮಿಷನ್, ಊರಿನ ಜಾತ್ರೆ, ನಾಟಕ, ಇವನ್ನೆಲ್ಲ ಸುದ್ದಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ನೀವೇ ಹೇಳಿ, ಸಣ್ಣ ಊರಿನಲ್ಲಿ ಬೆಳಿಗ್ಗೆ ಎದ್ದವನಿಗೆ ದಿಲ್ಲಿ ಸುದ್ದಿ ಮೊದಲು ಬೇಕಾ, ನಲ್ಲಿ ನೀರು ಮೊದಲು ಬೇಕಾ?

ನಮ್ಮ ಸ್ಟೇಷನ್ ಚೆನ್ನಾಗಿ ನಡೆದದ್ದು ಬೆಳಗಿನ ಶೋನಿಂದ. ಅದನ್ನು ಮಾಡುತ್ತಿದ್ದವಳು ಅದೇ ಊರಿನ ಹುಡುಗಿ. ಎರಡು ಹಾಡಿನ ನಡುವಿನ ಮಾತಿಗೆ ನಾವು ಲಿಂಕ್ ಅನ್ನುತ್ತಿದ್ದೆವು. ಅವಳ ಲಿಂಕ್ ಅರ್ಧ ನಿಮಿಷ ದಾಟುತ್ತಿರಲಿಲ್ಲ. ಯಾವ ಓಣಿಗೆ ನೀರು, ಯಾವ ಗೇಟ್ ಹಾಕಿದೆ, ಯಾರ ಆಕಳು ಕಾಣೆಯಾಗಿದೆ. ಆ ಆಕಳಿನ ಲಿಂಕ್‌ಗೆ ಬಂದಷ್ಟು ಫೋನ್ ಯಾವ ಸಿನಿಮಾ ಹಾಡಿಗೂ ಬರಲಿಲ್ಲ.

ಆಮೇಲೆ ಮೇಲಿನವರು ಖರ್ಚು ಉಳಿಸಲು ಹೊರಟರು. ಮೂರನೇ ಹಂತದ ನಿಯಮದಲ್ಲಿ ಒಂದೇ ಕಂಪನಿಯ ಸ್ಟೇಷನ್‌ಗಳು ದೇಶದಲ್ಲಿ ಎಲ್ಲಿದ್ದರೂ ಒಂದೇ ಕಾರ್ಯಕ್ರಮ ಹಂಚಿಕೊಳ್ಳಬಹುದು. ನಮ್ಮ ಮಧ್ಯಾಹ್ನ, ಸಂಜೆ, ಕೊನೆಗೆ ಬೆಳಗಿನ ಅರ್ಧ, ಎಲ್ಲ ದೊಡ್ಡ ಊರಿನ ಸ್ಟುಡಿಯೋದಿಂದ ಬರತೊಡಗಿತು. ಒಂದು ದಿನ ಆ ಕಡೆಯ ಆರ್‌ಜೆ "ಹೊರಗೆ ಎಂಥಾ ಮಳೆ, ಬಿಸಿ ಬಿಸಿ ಭಜಿ ತಿನ್ನೋಣ" ಅನ್ನುತ್ತಿದ್ದಾನೆ. ನಮ್ಮೂರಲ್ಲಿ ಮಳೆ ಹೋಗಿ ಮೂರು ವಾರವಾಗಿತ್ತು, ಸೋಯಾಬೀನ್ ಒಣಗುತ್ತಿತ್ತು. ನಾನು ಆಗ ಬೀಜ, ಗೊಬ್ಬರದ ಅಂಗಡಿಯಲ್ಲಿ ಕೂತು ಸ್ಪಾಟ್ ಮಾರುತ್ತಿದ್ದೆ. ಮಾಲೀಕರು ರೇಡಿಯೋ ಕಡೆ ನೋಡಿದರು, ನನ್ನ ಕಡೆ ನೋಡಿದರು. ಫೈಲ್ ಮುಚ್ಚಿಕೊಂಡು ಎದ್ದು ಬಂದೆ.

ಹಾಡು ಅವೇ ಇದ್ದವು. ಟವರ್ ಅದೇ. ವರ್ಷದೊಳಗೆ ಊರಿನ ಅಂಗಡಿಗಳ ಜಾಹೀರಾತು ಒಂದೊಂದಾಗಿ ಬಿಟ್ಟುಹೋಯಿತು. ಮಿಕ್ಕಿದ್ದು ಮುಂಬೈಯಿಂದ ಬರುವ ದೊಡ್ಡ ಕಂಪನಿಗಳ ಸ್ಪಾಟ್, ಅದೂ ಹತ್ತು ಊರು ಒಟ್ಟಿಗೆ ಕಟ್ಟಿ ಕೊಟ್ಟ ರೇಟಿನಲ್ಲಿ. ಹಾಗಾಗಿ ಹುಡುಗ ಕೆಲಸಕ್ಕೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಲಿ: ದಿನದಲ್ಲಿ ಎಷ್ಟು ಗಂಟೆ ಊರಿನಿಂದಲೇ ಮಾತಾಡುತ್ತೀರಿ? ಸಂಬಳ ಎಷ್ಟು ಅನ್ನುವುದನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಚಿಂಚ್ವಡ ಫಸ್ಟ್ ಶಿಫ್ಟ್

ನಾನು ಇಂಡಿ ತಾಲೂಕಿನವನು. ಇಲ್ಲಿ ಫ್ಯಾಕ್ಟರಿ. ಆಕಳಿನ ಕಥೆ ಓದಿ ನಗು ಬಂತು, ಆದರೆ ಖರೇ ಅದೇ. ನಮ್ಮ ಫ್ಯಾಕ್ಟರಿ ಶಾಪ್‌ನಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಕ್ಯಾಂಟೀನಿನಲ್ಲಿ ಒಂದು ರೇಡಿಯೋ ಇದೆ, ಅದರಲ್ಲಿ ಬಂದದ್ದು ಕೇಳಬೇಕು. ಚಾಲಕರು, ಟೇಲರ್‌ಗಳು, ಕಟಿಂಗ್ ಶಾಪಿನವರು, ಕೈಯಲ್ಲಿ ಕೆಲಸ ಇದ್ದವರು ಹಾಡು ಹುಡುಕುತ್ತಾ ಕೂರುವುದಿಲ್ಲ. ಅಂಧೇರಿಯವರು ಇಂಥವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ನನ್ನ ತಕರಾರು ಬೇರೆ. ಬಾಗಲಕೋಟೆ ಸ್ಟೇಷನ್ ಯಾವ ಹಾಡು ಹಾಕುತ್ತದೆ? ನಮ್ಮ ಕಡೆ ಟ್ರ್ಯಾಕ್ಟರ್‌ನಲ್ಲಿ, ಟಂಟಂನಲ್ಲಿ ಕೇಳುವುದು ಉತ್ತರ ಕರ್ನಾಟಕದ ಜಾನಪದ. ಊರೂರಲ್ಲಿ ಸಣ್ಣ ಸ್ಟುಡಿಯೋದವರು ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಅದನ್ನು ಬಿಟ್ಟು ಬೆಂಗಳೂರಿನ ಸಿನಿಮಾ ಹಾಡು, ಬೆಂಗಳೂರಿನ ಇಂಗ್ಲಿಷ್ ಬೆರೆಸಿದ ಮಾತು ಹಾಕಿದರೆ ಕೇಳುವುದಿಲ್ಲ ನೋಡ್ರಿ. ನಿಪ್ಪಾಣಿಯವರನ್ನು ನೋಡಿ, ಕನ್ನಡದ್ದು ಹತ್ತಿರ ಇಲ್ಲ ಅಂತ ಕೊಲ್ಹಾಪುರದ ಮರಾಠಿ ಎಫ್‌ಎಂ ಹಚ್ಚಿಕೊಂಡು ಕೂರುತ್ತಾರೆ.

ಕೊತ್ರೂಡ್ ಕಟ್ಟೆ

ಇದು ಒಳ್ಳೇ ಮಾತು. ರಾಯಲ್ಟಿ, ಅಂದರೆ ಹಾಡಿನ ಹಕ್ಕು ಇದ್ದವರಿಗೆ ಕಟ್ಟುವ ದುಡ್ಡು, ಅದರ ಲೆಕ್ಕವೂ ನಿಮ್ಮ ಕಡೆಯೇ ಇದೆ. 2010ರಲ್ಲಿ ಕಾಪಿರೈಟ್ ಬೋರ್ಡ್ ನಿವ್ವಳ ಜಾಹೀರಾತು ಆದಾಯದ 2% ಅಂತ ನಿಗದಿ ಮಾಡಿತ್ತು. 2020ರ ಕೊನೆಗೆ ಲೆಕ್ಕದ ರೀತಿ ಬದಲಾಯಿತು. ಹಾಡು ಎಷ್ಟು ಗಂಟೆ ಓಡಿತು ಅನ್ನುವುದರ ಮೇಲೆ ದರ, ಊರಿನ ವರ್ಗ ನೋಡಿ. ಅಂದರೆ ಹಾಡು ಕಡಿಮೆ, ಊರಿನ ಮಾತು ಜಾಸ್ತಿ ಆದಷ್ಟು ಖರ್ಚು ಕಡಿಮೆ. ಜಾನಪದದ ಸ್ಟುಡಿಯೋದವರ ಹತ್ತಿರ ನೇರವಾಗಿ ಕೂತು ಕಾಗದ ಮಾಡಿಕೊಳ್ಳಬಹುದು. ಅವರಿಗೂ ಪ್ರಚಾರ. ಕಾಗದ ಮಾತ್ರ ಆಗಲೇಬೇಕು, ಬಾಯಿಮಾತು ನಡೆಯುವುದಿಲ್ಲ. ಹಾಡಿದವನು ಒಬ್ಬ, ಬರೆದವನು ಒಬ್ಬ, ದುಡ್ಡು ಹಾಕಿದವನು ಇನ್ನೊಬ್ಬ, ಮೂವರೂ ಹಾಡು ನನ್ನದು ಅನ್ನುತ್ತಾರೆ.

ಅಂಧೇರಿ ಲಾಸ್ಟ್ ಲೋಕಲ್

ಕ್ಯಾಂಟೀನ್ ರೇಡಿಯೋ ಮಾತು ಒಪ್ಪಿದೆ. ಆದರೂ ಜಾನಪದ, ಆಕಳು, ನೀರು ಇವೆಲ್ಲ ಊರಿನ ವಾಟ್ಸಾಪ್ ಗುಂಪಿನಲ್ಲೂ ಬರುತ್ತದೆ. ನಾನು ದುಡ್ಡು ಹಾಕುವುದಿಲ್ಲ.

ಮಾಟುಂಗಾ ಮಾವ

ನಿನ್ನ ಹತ್ತಿರ ಯಾರೂ ಕೇಳಿಲ್ಲ ಮಾರಾಯ. ವಾಸ್ಕೋದವರಿಗೆ ಥ್ಯಾಂಕ್ಸ್, ಇಷ್ಟು ವರ್ಷದ ಮೇಲೆ ಅರ್ಥವಾಯಿತು. ಈಗ ಧಾರವಾಡ ಪ್ರಸಾರ ಭಾರತಿಯ ಆಪ್‌ನಲ್ಲಿ ಹಗಲೂ ಸಿಗುತ್ತದೆ, ಮೊಮ್ಮಗಳು ಹಾಕಿಕೊಟ್ಟಿದ್ದಾಳೆ.

ಡೊಂಬಿವಲಿ ಈಸ್ಟ್

ಎಲ್ಲವನ್ನೂ ಹುಡುಗನಿಗೆ ಓದಿಸಿದೆ. ಲೈಸೆನ್ಸ್ ಮಾತು ಬಿಟ್ಟಿದ್ದಾನೆ, 784 ಕೋಟಿ ನೋಡಿ ಮುಖ ಸಣ್ಣದಾಯಿತು. ಕೆಲಸದ ಮಾತು ಬಿಟ್ಟಿಲ್ಲ. "ಬನಶಂಕರಿ ಜಾತ್ರೆ, ಹೋಳಿ, ಎರಡೇ ಸೀಸನ್ ಹಿಡಿದರೂ ವರ್ಷ ತೂಗುತ್ತದೆ" ಅನ್ನುತ್ತಾನೆ. ತೂಗುತ್ತದಾ? ಇನ್ನೊಂದು, ಟವರ್ ತಾವೇ ಕಟ್ಟಬೇಕಾ?

ವಾಸ್ಕೋ ವೈರ್‌ಮ್ಯಾನ್

ಸಾಮಾನ್ಯವಾಗಿ ಊರಿನ ಎಲ್ಲ ಖಾಸಗಿ ಎಫ್‌ಎಂ ಒಂದೇ ಟವರ್‌ನಲ್ಲಿ ಕೂರುತ್ತವೆ. ಹೆಚ್ಚಾಗಿ ಆಕಾಶವಾಣಿ, ದೂರದರ್ಶನದ್ದೇ ಟವರ್. ಕೇಂದ್ರದ ಬೆಸಿಲ್ ಕಂಪನಿ ಎಲ್ಲರಿಗೂ ಸೇರಿಸಿ ಏರ್ಪಾಟು ಮಾಡುತ್ತದೆ. ಬಾಡಿಗೆ ಕಟ್ಟಬೇಕು. ಕರೆಂಟ್ ಬಿಲ್ಲು, ಡೀಸೆಲ್ ಬೇರೆ.

ಮತ್ತೆ, ಫೋನಿನಲ್ಲಿ ಎಫ್‌ಎಂ ಕೇಳಿ ಪರೀಕ್ಷೆ ಮಾಡುವಾಗ ವೈರ್ ಇರುವ ಇಯರ್‌ಫೋನ್ ಹಾಕಲು ಹೇಳಿ. ಆ ವೈರೇ ಆಂಟೆನಾ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲು ಭಾಗ ವೈರ್ ಸಿಕ್ಕರೂ ಚೆನ್ನಾಗಿ ಹಿಡಿಯುತ್ತದೆ. ಬ್ಲೂಟೂತ್ ಹಾಕಿಕೊಂಡು "ಸಿಗ್ನಲ್ ಇಲ್ಲ" ಅನ್ನುವವರು ಬಹಳ ಜನ.

ಕೊತ್ರೂಡ್ ಕಟ್ಟೆ

ಎರಡೇ ಸೀಸನ್‌ನಲ್ಲಿ ವರ್ಷ ತೂಗುವುದಿಲ್ಲ. ಜಾತ್ರೆಗೆ ಕೊಟ್ಟ ಅಂಗಡಿಯವನ ದುಡ್ಡು ಕೈಗೆ ಬರುವುದು ಹೋಳಿ ಹೊತ್ತಿಗೆ. ತಿಂಗಳು ತಿಂಗಳು ಕೊಡುವವರು ಬೇಕು: ಆಸ್ಪತ್ರೆ, ಕೋಚಿಂಗ್, ಬಂಗಾರದ ಅಂಗಡಿ, ಟ್ರ್ಯಾಕ್ಟರ್ ಶೋರೂಂ, ಬೀಜ ಗೊಬ್ಬರ. ಹುಡುಗ ಊರಿಗೆ ಹೋದಾಗ ಮಾರ್ಕೆಟ್ ಸುತ್ತಿ ಇಂಥ 40 ಹೆಸರು ಬರೆದುಕೊಳ್ಳಲಿ. ಈಗ ಪೇಪರ್‌ಗೆ, ಕೇಬಲ್‌ಗೆ, ಫ್ಲೆಕ್ಸ್‌ಗೆ ಎಷ್ಟು ಕೊಡುತ್ತಾರೆ ಅಂತ ಪಕ್ಕದಲ್ಲೇ ಬರೆಯಲಿ. ಅದನ್ನು ಹಿಡಿದುಕೊಂಡು ಪುಣೆಗೆ ಬಂದರೆ ಕೂತು ಲೆಕ್ಕ ಹಾಕೋಣ.

ಡೊಂಬಿವಲಿ ಈಸ್ಟ್

ಮುಂದಿನ ತಿಂಗಳು ಕರೆದುಕೊಂಡು ಬರುತ್ತೇನೆ. ಭಾನುವಾರ ಆಗಬಹುದಾ?

ಕೊತ್ರೂಡ್ ಕಟ್ಟೆ

ಶನಿವಾರ ಬನ್ನಿ, ಭಾನುವಾರ ಮನೆ ತುಂಬ ನೆಂಟರು. ಪಟ್ಟಿ ಇಲ್ಲದೆ ಮಾತ್ರ ಬರಬೇಡಿ.